ಕದಿರೇಶನ ಹಳೆಯ ಬೀಸು

ಅಡುಗೆಮನೆಯಲ್ಲಿ ಕೋಳಿ ಇನ್ನೂ ಮಸಾಲೆ ಕಾಣದೆ ಬಿದ್ದಿದ್ದರೂ, ಜಗಲಿಯಲ್ಲಿ ಕುಳಿತ ದೊರೆ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಕೋದಂಡರಾಮಪ್ಪ "ಇನ್ನೈದು ನಿಮಿಷ, ದೊರೆ" ಎನ್ನುತ್ತಿದ್ದ. ಮುಕ್ಕಾಲು ಗಂಟೆ ಕಳೆದರೂ ಅವನನ್ನು ಯಾರೂ ಬಯ್ದದ್ದಿಲ್ಲ. ಐದು ನಿಮಿಷ ಎಂದು ಕೇಳಿಸಿಕೊಂಡ ಮನುಷ್ಯ ಇನ್ನೊಂದು ಗ್ಲಾಸು ತರಿಸುತ್ತಾನೆ, ಪಕ್ಕದವನ ಜೊತೆ ಮಾತಿಗೆ ಬೀಳುತ್ತಾನೆ, ಹಸಿವನ್ನು ಮರೆಯುತ್ತಾನೆ. ಮುಕ್ಕಾಲು ಗಂಟೆ ಎಂದು ನಿಜ ಹೇಳಿದರೆ ಅದೇ ಮನುಷ್ಯ ಗಡಿಯಾರ ನೋಡಿಕೊಂಡು ಕುದಿಯುತ್ತಾ ಕೂರುತ್ತಾನೆ. ಚಿನ್ನದ ಗಣಿಯ ದೊರೆಗಳ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ಬಟ್ಲರ್ ಆಗಿದ್ದು ಕೋದಂಡರಾಮಪ್ಪ ಕಲಿತ ವಿದ್ಯೆ ಇದು. ಒಕ್ಕಲೇರಿಯಲ್ಲಿ ಹೊಲ ಉಳುತ್ತಿದ್ದ ಅವನ ಅಣ್ಣ ತಮ್ಮಂದಿರಿಗೆ ಇದು ಸುಳ್ಳಾಗಿ ಕಾಣುತ್ತಿತ್ತು. ಅವನಿಗೆ ಮರ್ಯಾದೆಯಾಗಿ ಕಾಣುತ್ತಿತ್ತು.

ಕ್ಲಬ್ಬಿನ ಹಿಂದೆ ಗಾಲ್ಫ್ ಆಡುವ ಬಯಲು. ಆ ಒಣ ನೆಲದಲ್ಲಿ ಹುಲ್ಲು ನಿಲ್ಲುತ್ತಿರಲಿಲ್ಲವಾಗಿ, ಚೆಂಡು ಉರುಳಿ ಬೀಳಬೇಕಾದ ಕುಳಿಗಳ ಸುತ್ತ ಎಣ್ಣೆ ಬೆರೆಸಿದ ಮರಳನ್ನು ಹಾಸಿ ತಟ್ಟುತ್ತಿದ್ದರು. ದೊರೆಗಳ ಕೋಲಿನ ಚೀಲ ಹೊತ್ತು ಹಿಂದೆ ನಡೆಯುವವರಿಗೆ, ಪೊದೆಯಲ್ಲಿ ಬಿದ್ದ ಚೆಂಡು ಹುಡುಕಿ ಕೊಡುವವರಿಗೆ ಕ್ಯಾಡಿಗಳೆಂದು ಹೆಸರು. ಆ ಕ್ಯಾಡಿಗಳಲ್ಲಿ ಕೋದಂಡರಾಮಪ್ಪನ ತಂಗಿ ಗಂಗರತ್ನಮ್ಮನ ಗಂಡ ಕದಿರೇಶನೂ ಒಬ್ಬ.

ಕದಿರೇಶ ಗೌನಿಪಲ್ಲಿಯವನು. ಹುಟ್ಟಿದಾಗಿನಿಂದ ಮಾವಿನ ತೋಪಿನಲ್ಲಿ ಗುದ್ದಲಿ ಹಿಡಿದವನು. ಗಣಿಗೆ ಬಂದು ಚೀಲ ಹೊರುವಾಗ, ದೊರೆಗಳು ಮುರಿದು ಎಸೆದ ಕೋಲೊಂದಕ್ಕೆ ಬಿದಿರು ಕಟ್ಟಿ ಸುಮ್ಮನೆ ಒಮ್ಮೆ ಬೀಸಿ ನೋಡಿದ. ಅದು ಗುದ್ದಲಿಯ ಬೀಸೇ. ಎರಡು ಕೈಗಳ ನಡುವೆ ಒಂದು ಗೇಣು ಬಿಟ್ಟು ಹಿಡಿಯುತ್ತಿದ್ದ. ಕೋಲು ಮೇಲೆ ಹೋಗುವಾಗ ಎಡಗಾಲು ನೆಲ ಬಿಡುತ್ತಿತ್ತು. ಬರುವಾಗ ಇಡೀ ಮೈ ಅದರ ಜೊತೆ ಬಂದು 'ಹ್ಹ' ಎಂದು ಬಾಯಲ್ಲಿ ಉಸಿರು ಹೊರಡುತ್ತಿತ್ತು. ನೋಡಿದವರಿಗೆ ನಗು ಬರುತ್ತಿತ್ತು. ಆದರೆ ಚೆಂಡು ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಗಿ ಬೀಳುತ್ತಿತ್ತು.

ಕ್ರಿಸ್‌ಮಸ್ಸಿನ ಮಾರನೆಯ ದಿನ ದೊರೆಗಳು ಕ್ಯಾಡಿಗಳಿಗೆಂದು ಒಂದು ಪಂದ್ಯ ಇಡುತ್ತಿದ್ದರು. ಮೂವತ್ತೇಳರಲ್ಲಿ ಕದಿರೇಶ ಗೆದ್ದ. ಮೂವತ್ತೆಂಟರಲ್ಲೂ ಗೆದ್ದ. ಆ ಸಂಜೆ ಕ್ಲಬ್ಬಿನ ಕಾರ್ಯದರ್ಶಿ ದೊರೆ ಒಂದು ಮಾತು ಹೇಳಿದರು. ಕ್ಯಾಡಿಗಳ ಮೇಸ್ತ್ರಿ ಪೆದ್ದಪ್ಪನಿಗೆ ವಯಸ್ಸಾಯಿತು, ಬರುವ ವರ್ಷದ ಕೊನೆಗೆ ಅವನು ಮುಳಬಾಗಿಲಿನ ಮಗಳ ಮನೆಗೆ ಹೋಗುತ್ತಾನೆ, ಮುಂದಿನ ಪಂದ್ಯ ಗೆದ್ದವನೇ ಮೇಸ್ತ್ರಿ. ಮೇಸ್ತ್ರಿಯಾದರೆ ಕೆಲಸ ಕಾಯಂ. ಬೇವಿನ ಮರದ ಪಕ್ಕದ ಎರಡು ಕೋಣೆಯ ಹೆಂಚಿನ ಮನೆಯೂ ಅವನದೇ.

ಗಂಗರತ್ನಮ್ಮ ಆ ಮನೆಯನ್ನು ಎಷ್ಟು ಸಲ ಹೊರಗಿನಿಂದ ಸುತ್ತಿದ್ದಳೋ ಲೆಕ್ಕವಿಲ್ಲ. ಅವರಿದ್ದದ್ದು ತಗಡಿನ ಗೂಡು. ಚೈತ್ರ ಬಂದರೆ ಮಧ್ಯಾಹ್ನವೆಲ್ಲ ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು ಯಾರದಾದರೂ ಮರದಡಿ ಕೂರಬೇಕು. ಮಗುವಿನ ಕತ್ತೆಲ್ಲ ಬೆವರುಸಾಲೆ. ಒರಳುಕಲ್ಲು ಯಾವ ಮೂಲೆಗೆ, ನೀರಿನ ಹಂಡೆ ಯಾವ ಕಡೆಗೆ ಎಂದು ಅವಳು ಮನಸ್ಸಿನಲ್ಲೇ ಇಟ್ಟುಕೊಂಡು ಬಂದಿದ್ದಳು.

ಇನ್ನೊಂದು ವರ್ಷ ಕದಿರೇಶ ತನ್ನ ಪಾಡಿಗೆ ತಾನು ಬೀಸಿಕೊಂಡಿದ್ದರೆ ಸಾಕಾಗಿತ್ತು. ಸಾಲದೆ ಹೋದದ್ದು ಕೋದಂಡರಾಮಪ್ಪನಿಗೆ.

ಅದಕ್ಕೆ ಕಾರಣ ಆ ಜಗಲಿ. ಕದಿರೇಶ ಕೋಲು ಎತ್ತಿದ ಕೂಡಲೇ ದೊರೆಗಳು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದು, ನೋಡಿ ಮಾಲಿ ಬಾವಿ ತೋಡುತ್ತಿದ್ದಾನೆ ಎಂದು ನಗುತ್ತಿದ್ದರು. ಕೆಟ್ಟ ನಗುವೇನಲ್ಲ. ಆದರೆ ತಟ್ಟೆ ಹಿಡಿದು ಹಿಂದೆ ನಿಂತ ಕೋದಂಡರಾಮಪ್ಪನಿಗೆ ಅದು ಚುಚ್ಚುತ್ತಿತ್ತು. ತಾನು ಬಿಳಿ ಕೈಗವಸು ಹಾಕಿಕೊಂಡು, ಚಮಚ ಯಾವ ಕಡೆ ಮುಳ್ಳು ಯಾವ ಕಡೆ ಎಂದು ಒಮ್ಮೆಯೂ ತಪ್ಪದೆ ಇಪ್ಪತ್ತೆರಡು ವರ್ಷ ನಡೆಸಿದವನು. ತನ್ನ ತಂಗಿಯ ಗಂಡ ಮೇಸ್ತ್ರಿಯಾಗಿ, ದೊರೆಸಾನಿಯರಿಗೆ ಕೋಲು ಹಿಡಿಯುವುದನ್ನು ತೋರಿಸಿಕೊಡುವಾಗಲೂ ಹೀಗೆಯೇ ನಗಿಸಿಕೊಳ್ಳಬೇಕೇ? ಪೆದ್ದಪ್ಪನ ಮುಂದೆ ಹೇಳಿಕೊಂಡ. ಮುದುಕ ಬೀಡಿ ಹಚ್ಚಿ, "ನಗಲಿ ಬಿಡಪ್ಪ. ನಗೋದು ಅವ್ರ ಬಾಯಿ, ಹೋಗೋದು ಇವನ ಚೆಂಡು" ಎಂದ. ಕೋದಂಡರಾಮಪ್ಪನಿಗೆ ಅದು ತಿಳಿಯದವನ ಮಾತಾಗಿ ಕಂಡಿತು.

ಮೂವತ್ತೊಂಬತ್ತರ ಜನವರಿಯಲ್ಲಿ, ಸದಸ್ಯರಿಗೆ ಆಟ ಕಲಿಸಲು ಕ್ಲಬ್ಬಿನವರು ಎರಡು ವರ್ಷದ ಮಟ್ಟಿಗೆ ಫಿನ್ಲೆ ಎಂಬ ದೊರೆಯನ್ನು ಕರೆಸಿಕೊಂಡರು. ಕುಳ್ಳ ಆಳು, ಕೆಂಪು ಕತ್ತು, ಬಾಯಲ್ಲಿ ಸದಾ ಆರಿದ ಪೈಪು. ಬೆಳಿಗ್ಗೆ ಚಹಾ ಕೊಡುವಾಗ ಸಮಯ ನೋಡಿ ಕೋದಂಡರಾಮಪ್ಪ ವಿಷಯ ತೆಗೆದ. ಆ ದೊರೆಗೆ ಜಂಬವಿರಲಿಲ್ಲ. ಕರೆದುಕೊಂಡು ಬಾ, ನೋಡೋಣ ಎಂದರು.

ಕದಿರೇಶ ಒದ್ದೆ ಮರಳನ್ನು ಚಿಟಿಕೆಯಲ್ಲಿ ಹಿಡಿದು ಗೋಪುರ ಮಾಡಿ, ಅದರ ಮೇಲೆ ಚೆಂಡು ಇಟ್ಟು ಹತ್ತು ಸಲ ಹೊಡೆದ. ಹತ್ತೂ ಚೆಂಡು ಒಂದು ಜಮಖಾನ ಹಾಸಿದಷ್ಟು ಜಾಗದಲ್ಲಿ ಬಿದ್ದವು. ಫಿನ್ಲೆ ದೊರೆ ಪೈಪು ಬಾಯಿಂದ ತೆಗೆದು, ಕೋದಂಡರಾಮಪ್ಪನ ಕಡೆ ತಿರುಗಿ ನಿಧಾನವಾಗಿ ಮಾತಾಡಿದರು. ಇವನು ಮಾಡುವುದೆಲ್ಲ ತಪ್ಪು, ಆದರೆ ಒಂದು ತಪ್ಪು ಇನ್ನೊಂದನ್ನು ಹಿಡಿದು ನಿಲ್ಲಿಸಿದೆ, ಇದನ್ನು ಯಾಕೆ ಮುಟ್ಟಬೇಕು ಎಂದು ಕೇಳಿದರು. ಕೋದಂಡರಾಮಪ್ಪ ಬಿಡಲಿಲ್ಲ. ಹಾಗಾದರೆ ಕೇಳು ಎಂದರು ದೊರೆ. ತಿದ್ದುವುದೆಂದರೆ ಪೂರ್ತಿ ಕೆಡವಿ ಕಟ್ಟಬೇಕು. ದಿನವೂ ತನ್ನಂಥವನೊಬ್ಬ ಪಕ್ಕದಲ್ಲಿ ನಿಂತಿದ್ದರೆ ಎರಡು ವರ್ಷ. ಅದರಲ್ಲಿ ಮೊದಲ ವರ್ಷ ಇವನು ಕೋಲನ್ನೇ ಮುಟ್ಟದವನಿಗಿಂತ ಕೆಟ್ಟದಾಗಿ ಆಡುತ್ತಾನೆ. ನಡುವೆ ಹಳೆಯದಕ್ಕೆ ಹೋದರೆ ಕೆಲಸ ಕೆಟ್ಟಿತು. ಇಷ್ಟನ್ನೂ ಅವನಿಗೆ ಬಿಡಿಸಿ ಹೇಳು, ಅವನೇ ಉತ್ತರ ಕೊಡಲಿ.

ಕದಿರೇಶನಿಗೆ ಇಂಗ್ಲಿಷಿನ ನಾಲ್ಕು ಮಾತೂ ಬರುತ್ತಿರಲಿಲ್ಲ. ಅವನು ಬಾವನ ಮುಖ ನೋಡುತ್ತಾ ನಿಂತಿದ್ದ.

ಕೋದಂಡರಾಮಪ್ಪ ಒಂದು ಗಳಿಗೆಯಲ್ಲಿ ಎಲ್ಲ ಯೋಚಿಸಿದ. ಕಲಿಸುವವರು ಯಾವಾಗಲೂ ತಮ್ಮ ಕೆಲಸವನ್ನು ದೊಡ್ಡದು ಮಾಡಿಯೇ ಹೇಳುವುದು. ದೊರೆಸಾನಿಯರಿಗೆ ಎರಡು ವರ್ಷ ಹಿಡಿಯಬಹುದು. ಕದಿರೇಶನ ಕೈ ಅಂಥದ್ದಲ್ಲ, ಅದು ನೋಡಿದ್ದನ್ನು ನೋಡಿದ ಹಾಗೆ ಹಿಡಿಯುವ ಕೈ. ಎರಡು ವರ್ಷ ಎಂದರೆ ಇವನು ಹೆದರಿ ಹಿಂದೆ ಸರಿಯುತ್ತಾನೆ, ಇಂಥ ಗುರು ಮತ್ತೆ ಸಿಗುವುದಿಲ್ಲ.

"ಏನಂತೆ ಬಾವ?" ಎಂದ ಕದಿರೇಶ.

"ರಾಗಿ ಕುಯ್ಲು ಹೊತ್ತಿಗೆ ಬಂದ್ಬಿಡುತ್ತಂತೆ."

"ನಿಜವಾಗ್ಲೂ?"

"ನಿನ್ನ ಕೈ ನೋಡಿ ಹೇಳಿದ್ದು ಕಣಪ್ಪ."

ಕದಿರೇಶ ತಲೆಯಾಡಿಸಿದ. ಅವನು ಒಪ್ಪಿದ್ದಾನೆ ಎಂದು ಕೋದಂಡರಾಮಪ್ಪ ದೊರೆಗೆ ಹೇಳಿದ. ಫಿನ್ಲೆ ದೊರೆಯ ಹುಬ್ಬು ಮೇಲಕ್ಕೆ ಹೋಯಿತು. ಅವರು ಮುಂದೆ ಬಂದು ಕದಿರೇಶನ ಕೈ ಹಿಡಿದು ಕುಲುಕಿದರು. ಆ ಬಯಲಿನಲ್ಲಿ ಯಾವ ದೊರೆಯೂ ಯಾವ ಕ್ಯಾಡಿಯ ಕೈಯನ್ನೂ ಹಾಗೆ ಹಿಡಿದಿರಲಿಲ್ಲ. ಆ ಕೈಯನ್ನು ಕದಿರೇಶ ಆ ಹೊತ್ತೆಲ್ಲ ಬೇರೆ ಯಾರದೋ ಎಂಬಂತೆ ದೂರ ಹಿಡಿದುಕೊಂಡು ಓಡಾಡಿದ.

ಪಾಠ ದಿನವೂ ಬೆಳಿಗ್ಗೆ ಆರರಿಂದ ಏಳು, ಬಟ್ಲರಿಗೆ ನಾಷ್ಟಾದ ಕೆಲಸ ಹತ್ತುವ ಮುಂಚೆ. ಮೊದಲ ನಾಲ್ಕು ತಿಂಗಳು ಚೆಂಡೇ ಇಲ್ಲ. ಗೇಣು ಅಂತರದಲ್ಲಿದ್ದ ಕೈಗಳನ್ನು ದೊರೆ ಒಂದರ ಬೆರಳಿಗೆ ಇನ್ನೊಂದರ ಬೆರಳು ಹೆಣೆದು ಕೂಡಿಸಿದರು. ತೋಳುಗಳು ಮೈಯಿಂದ ದೂರ ಹೋಗದಂತೆ ಎದೆಗೆ ಒಂದು ಟುವಾಲು ಸುತ್ತಿದರು. ತಲೆ ಅಲುಗಬಾರದೆಂದು ಬೇವಿನ ಮರದ ಕಾಂಡಕ್ಕೆ ಹಣೆ ಆನಿಸಿ ಬರಿಗೈ ಬೀಸಿಸಿದರು. ಕೋಲು ಮೇಲೆ ಹೋದ ಮೇಲೆ ಧಡಕ್ಕನೆ ಇಳಿಸಬಾರದು, ಮನಸ್ಸಿನಲ್ಲಿ ಒಂದು ಎಣಿಸಿ ಆಮೇಲೆ ಇಳಿಸಬೇಕು. ಇನ್ನೊಂದು ಕಟ್ಟಳೆಯನ್ನೂ ಹಾಕಿದರು. ಗುದ್ದಲಿ ಮುಟ್ಟಕೂಡದು, ಹಳೆಯ ಬೀಸು ಇರುವುದೇ ಅದರಲ್ಲಿ.

ಗುರು ಹೇಳಿದ್ದು ಎಂದ ಮೇಲೆ ಕದಿರೇಶನಿಗೆ ಅದು ದೇವರ ಹರಕೆಯಷ್ಟೇ ಆಯಿತು. ಮನೆಯ ಹಿಂದೆ ಎರಡು ಸಾಲು ಸೊಪ್ಪಿನ ಮಡಿ ಇತ್ತು, ಅದನ್ನು ಗಂಗರತ್ನಮ್ಮನೇ ಕೆದಕಿಕೊಂಡಳು. ತೋಪಿನಲ್ಲಿ ಹೊಸ ಸಸಿಗೆ ಗುಂಡಿ ತೋಡಬೇಕು, ಬಾ ಎಂದು ಗೌನಿಪಲ್ಲಿಯಿಂದ ತಂದೆ ಸುಬ್ಬರಾಯಪ್ಪ ಎರಡು ಸಲ ಹೇಳಿ ಕಳಿಸಿದರೂ ಹೋಗಲಿಲ್ಲ. ಅಪ್ಪನ ಮಾತು ಮೀರಿದ್ದು ಅದೇ ಮೊದಲು.

ಮುಂಗಾರು ಹಿಡಿಯುವ ಹೊತ್ತಿಗೆ ಚೆಂಡು ಇಟ್ಟರು. ಮೊದಲನೆಯದು ಎಡಕ್ಕೆ ಹೋಗಿ ಬೇಲಿ ದಾಟಿತು. ಎರಡನೆಯದು ಕಾಲ ಬುಡದಲ್ಲೇ ಉರುಳಿತು. ಇನ್ನೊಂದು ಚೀಲಗಳನ್ನಿಡುವ ಕೊಠಡಿಯ ತಗಡಿನ ಮೇಲೆ ಬಿದ್ದು, ಒಳಗೆ ಮಲಗಿದ್ದ ಪೆದ್ದಪ್ಪ ಎದ್ದು ಹೊರಗೆ ಬಂದ. ಕ್ಯಾಡಿಗಳಿಗೆ ಅದು ಬೆಳಗಿನ ಆಟವಾಯಿತು. ಅವರಲ್ಲಿ ಮಾತು ಚುರುಕಿದ್ದವನು ಮಾಸ್ತಿ ಕಡೆಯ ರಾಮಚಂದ್ರಪ್ಪ.

"ಲೇ ಕದಿರೇಶ, ಹೋಗೋ ದಾರೀನ ಅವರಿವರನ್ನ ಕೇಳ್ಕೊಂಡು ಹೋಗು ಅಂತ ಚೆಂಡಿಗೆ ಹೇಳಿ ಕಳಿಸ್ತಿದ್ದೀಯೇನ್ಲಾ?"

ಕದಿರೇಶನೂ ನಕ್ಕ. ಆಷಾಢದವರೆಗೆ ನಗುತ್ತಿದ್ದ. ಶ್ರಾವಣದಲ್ಲಿ ನಗು ನಿಂತಿತು. ಚೀಲ ಹೊತ್ತು ನಡೆಯುವಾಗಲೂ ಅವನ ಕೈಗಳು ಗಾಳಿಯಲ್ಲಿ ಬೆರಳು ಹೆಣೆಯುತ್ತಿದ್ದವು. ಊಟಕ್ಕೆ ಕುಳಿತರೆ ತುತ್ತು ಬಾಯಿಯ ಹತ್ತಿರ ಬಂದು ಒಂದು ಗಳಿಗೆ ನಿಂತು ಆಮೇಲೆ ಒಳಗೆ ಹೋಗುತ್ತಿತ್ತು ಎಂದು ಗಂಗರತ್ನಮ್ಮ ಅಣ್ಣನ ಹತ್ತಿರ ಹೇಳಿದಳು.

"ಕುಯ್ಲು ಹೊತ್ತಿಗೆ ಬರುತ್ತಲ್ವಾ ಬಾವ?" ಎಂದು ಕದಿರೇಶ ಆಗಾಗ ಕೇಳುತ್ತಿದ್ದ.

"ಬರುತ್ತೆ ಕಣಪ್ಪ" ಎಂದು ಕೋದಂಡರಾಮಪ್ಪ ಅಷ್ಟೇ ಸಲ ಹೇಳಿದ. ಪ್ರತಿ ಸಲವೂ ಅದು ಹೇಳುವುದಕ್ಕೆ ಮೊದಲಿಗಿಂತ ಭಾರವಾಗುತ್ತಿತ್ತು. ಆದರೆ ಊಟ ಐದು ನಿಮಿಷ ಎಂದವನು ನಡುವೆ ಹೊರಗೆ ಬಂದು ಇಲ್ಲ ಇನ್ನೂ ಅರ್ಧ ಗಂಟೆ ಎನ್ನುವುದು ಎಲ್ಲಾದರೂ ಉಂಟೇ? ಹೇಗಾದರೂ ಅಡುಗೆ ಆಗಿಯೇ ಆಗುತ್ತದೆ ಎಂಬ ನಂಬಿಕೆಯಲ್ಲೇ ಅವನ ಜೀವನ ನಡೆದಿತ್ತು.

ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧ ಹತ್ತಿತು. ಫಿನ್ಲೆ ದೊರೆ ಹಿಂದೆ ಸೈನ್ಯದಲ್ಲಿದ್ದವರಂತೆ. ತಂತಿ ಬಂತು, ನಾಲ್ಕೇ ದಿನಕ್ಕೆ ಹೊರಟರು. ಬೌರಿಂಗ್‌ಪೇಟೆಯ ಸ್ಟೇಷನ್ನಿಗೆ ಪೆಟ್ಟಿಗೆ ಹೊತ್ತು ಕದಿರೇಶ ಹೋದ, ಜೊತೆಗೆ ಕೋದಂಡರಾಮಪ್ಪ. ರೈಲು ಹೊರಡುವ ಮುಂಚೆ ದೊರೆ ಕಿಟಕಿಯಲ್ಲಿ ಬಗ್ಗಿ, ಕದಿರೇಶನ ಕಡೆಯೇ ನೋಡುತ್ತಾ ಬಹಳ ಮಾತಾಡಿದರು. ಅವನು ಈಗ ಅತಿ ಕೆಟ್ಟ ಜಾಗದಲ್ಲಿದ್ದಾನೆ, ಹಳೆಯದು ಹೋಗಿದೆ, ಹೊಸದು ಬಂದಿಲ್ಲ. ತಾನಿದ್ದಿದ್ದರೆ ಇನ್ನು ಒಂದು ವರ್ಷದ ಮೇಲೆ ನಾಲ್ಕು ತಿಂಗಳು. ಈ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತಿರುವುದಕ್ಕೆ ತನ್ನನ್ನು ಕ್ಷಮಿಸಬೇಕು. ಹೇಳು ಅವನಿಗೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಕೋದಂಡರಾಮಪ್ಪ ಕದಿರೇಶನಿಗೆ, "ಚೆನ್ನಾಗಿ ಮಾಡ್ತಿದ್ದೀಯಂತೆ, ಅಭ್ಯಾಸ ಬಿಡಬೇಡ ಅಂದ್ರು" ಎಂದ.

"ಅಷ್ಟೊಂದು ಮಾತಾಡಿದ್ರಲ್ಲ ಬಾವ?"

"ಇಂಗ್ಲಿಷ್ನಲ್ಲಿ ಹಾಗೇನೇ. ಇಷ್ಟಕ್ಕೆ ಅಷ್ಟು ಹೇಳ್ಬೇಕು."

ಕದಿರೇಶ ಪ್ಲಾಟ್‌ಫಾರಮ್ಮಿನ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ರೈಲು ಹೋಯಿತು.

ಈಗ ಕೋದಂಡರಾಮಪ್ಪನಿಗೆ ನಿಜವಾದ ಭಯ ಹಿಡಿಯಿತು. ಪಂದ್ಯಕ್ಕೆ ಮೂರು ತಿಂಗಳು. ಅವನು ವ್ಯವಹಾರ ತಿಳಿದ ಮನುಷ್ಯ. ಹೊಸ ಅಡುಗೆ ಬೇಯದಿದ್ದರೆ ಹಳೆಯದನ್ನೇ ಬಿಸಿ ಮಾಡಿ ಬಡಿಸಬೇಕು. ಕದಿರೇಶನನ್ನು ಕೂರಿಸಿಕೊಂಡು, ಪಂದ್ಯ ಮುಗಿಯುವವರೆಗೆ ನಿನ್ನ ಹಳೆಯ ಬೀಸನ್ನೇ ಬೀಸು ಎಂದ. ಕದಿರೇಶ ಒಪ್ಪಲಿಲ್ಲ. ಗುರು ಬೇಡ ಎಂದದ್ದನ್ನು, ಅದೂ ಅವರು ಯುದ್ಧಕ್ಕೆ ಹೋಗಿರುವಾಗ, ಹೇಗೆ ಮಾಡುವುದು?

"ಮನೆ ಸಿಗೋವರ್ಗು ಕಣಪ್ಪ. ಆಮೇಲೆ ಜೀವಮಾನವೆಲ್ಲ ಅವರ ಬೀಸೇ ಬೀಸುವಂತೆ. ಗಂಗನ ಮುಖ ನೋಡು ಸ್ವಲ್ಪ."

ಕದಿರೇಶ ಎರಡು ದಿನ ಬಿಟ್ಟು, ಮೂರನೆಯ ಬೆಳಿಗ್ಗೆ ಬಿದಿರು ಕಟ್ಟಿದ ಆ ಹಳೆಯ ಕೋಲನ್ನೇ ತಂದ. ಬೆರಳು ಬಿಡಿಸಿ ಗೇಣು ಅಂತರ ಬಿಟ್ಟು ಹಿಡಿದ. ಎಡಗಾಲು ಎತ್ತಿದ. ಎಲ್ಲ ಮೊದಲಿನಂತೆಯೇ ಇತ್ತು, ಕೋಲು ಮೇಲೆ ಹೋಗುವವರೆಗೆ. ಅಲ್ಲಿ ಅದು ನಿಂತಿತು. ಒಂದು ಎಣಿಸುವಷ್ಟು ಹೊತ್ತು ನಿಂತು ಇಳಿಯಿತು. ಮೈ ಮುಂದೆ ಹೋಗಿತ್ತು, ಕೋಲು ಹಿಂದೆ ಬಂತು. ಚೆಂಡು ನಾಲ್ಕು ಮಾರು ಉರುಳಿ ನಿಂತಿತು.

ಇನ್ನೊಮ್ಮೆ ಮಾಡಿದ. ಇಪ್ಪತ್ತು ಸಲ ಮಾಡಿದ. ಕೈ ನಿಲ್ಲದಿರಲಿ ಎಂದು ಜೋರು ಮಾಡಿದರೆ ಕೋಲು ನೆಲಕ್ಕೆ ಬಡಿಯುತ್ತಿತ್ತು, ನಿಧಾನ ಮಾಡಿದರೆ ಚೆಂಡಿನ ತಲೆ ಸವರುತ್ತಿತ್ತು. ಆ 'ಹ್ಹ' ಎಂಬ ಉಸಿರು ಕೂಡ ಬರಲಿಲ್ಲ.

"ಹೆಂಗೆ ಬೀಸ್ತಿದ್ದೆ ಬಾವ ನಾನು?" ಎಂದು ಕೇಳಿದ. "ನೀವು ನೋಡಿದ್ದೀರಲ್ಲ, ಹೇಳಿ."

ಕೋದಂಡರಾಮಪ್ಪ ಅದನ್ನು ಸಾವಿರ ಸಲ ನೋಡಿದ್ದ. ನಗುವವರನ್ನು ನೋಡಿದ್ದ ಎಂಬುದೇ ಸರಿ.

ಗುದ್ದಲಿಯಲ್ಲಿ ಹಳೆಯ ಬೀಸು ಇದೆ ಎಂದು ದೊರೆ ಹೇಳಿದ್ದು ಅವನಿಗೆ ನೆನಪಾಯಿತು. ನಾಲ್ಕು ದಿನ ರಜೆ ಕೇಳಿಕೊಂಡು ಕದಿರೇಶನನ್ನು ಕರೆದುಕೊಂಡು ತಾನೂ ಗೌನಿಪಲ್ಲಿಗೆ ಹೊರಟ. ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲು ಹತ್ತಿ, ಕೋಲಾರ ದಾಟಿ, ಶ್ರೀನಿವಾಸಪುರದಲ್ಲಿ ಇಳಿದು, ಅಲ್ಲಿಂದ ಗಾಡಿ. ಹಿಂಗಾರು ಬಿದ್ದು ನೆಲ ಹದವಾಗಿತ್ತು. ತೋಪಿನಲ್ಲಿ ಮರಗಳ ಬುಡ ಅಗೆಯುವ ಕಾಲ.

ಸುಬ್ಬರಾಯಪ್ಪ ಮಗನ ಮೇಲೆ ಕೋಪವಿದ್ದರೂ ತೋರಿಸಲಿಲ್ಲ. ಎಂಟು ತಿಂಗಳ ಮೇಲೆ ಬಂದವನನ್ನು ಕಂಡು, ಮೂಲೆಯಲ್ಲಿದ್ದ ಗುದ್ದಲಿಯನ್ನು ತಾವೇ ತಂದು ಕೈಗೆ ಕೊಟ್ಟರು. ಅದರ ಮರದ ಕಾವು ಕದಿರೇಶನ ಕೈ ತಿಕ್ಕಿಯೇ ನುಣ್ಣಗಾದದ್ದು. ಅವನು ಪಂಚೆ ಎತ್ತಿ ಕಟ್ಟಿ ದೊಡ್ಡ ಮರದ ಬುಡಕ್ಕೆ ಹೋಗಿ ನಿಂತ.

ಗುದ್ದಲಿ ಮೇಲೆ ಹೋಯಿತು. ಮೇಲೆ ಹೋಗಿ ಆಕಾಶದಲ್ಲಿ ನಿಂತಿತು.

ಒಂದು ಎಣಿಸುವಷ್ಟೇ ಹೊತ್ತು. ಆಮೇಲೆ ಇಳಿಯಿತು, ಆದರೆ ಅದರ ಭಾರ ಅದರಲ್ಲಿರಲಿಲ್ಲ. ಮಣ್ಣನ್ನು ಕಚ್ಚದೆ ಕೆರೆದುಕೊಂಡು ಪಕ್ಕಕ್ಕೆ ಜಾರಿತು. ಕದಿರೇಶ ಮತ್ತೆ ಎತ್ತಿದ. ಮತ್ತೆ ನಿಂತಿತು. ಮೂರನೆಯ ಸಲ ಅಂಚು ಅವನ ಕಾಲ ಬೆರಳಿಗೆ ಒಂದಂಗುಲ ಪಕ್ಕದಲ್ಲಿ ಬಿತ್ತು.

"ಏಮಾಯೆರಾ ನೀಕು?" ಎಂದರು ಸುಬ್ಬರಾಯಪ್ಪ. ಏನಾಯಿತೋ ನಿನಗೆ ಎಂದು ಮಗನನ್ನು ಮನೆಯ ಮಾತಾದ ತೆಲುಗಿನಲ್ಲಿ ಕೇಳಿದವರು, ಬೀಗನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಕೋದಂಡರಾಮಪ್ಪನೋರೇ, ಇವನ ಕೈಗೆ ಏನ್ ಮಾಡಿದ್ರಿ ನೀವು? ಹನ್ನೊಂದು ವರ್ಷದೋನಿದ್ದಾಗ ಈ ಮರಕ್ಕೆ ಪಾತಿ ಮಾಡಿದೋನು ಇವನೇ. ನಾನು ಕಲಿಸಿದ್ದೆ."

ಕೋದಂಡರಾಮಪ್ಪನಿಗೆ ಆ ಮುದುಕರ ಮುಖ ನೋಡಲಾಗಲಿಲ್ಲ. ಸ್ವಲ್ಪ ದಿನದಲ್ಲಿ ಸರಿಹೋಗುತ್ತೆ ಮಾವ ಎಂದು ಬಾಯಿಗೆ ಬಂತು. ಬಂದದ್ದು ಹಲ್ಲಿನ ಹತ್ತಿರ ನಿಂತಿತು. ಕದಿರೇಶ ಗುದ್ದಲಿಯನ್ನು ಮರಕ್ಕೆ ಒರಗಿಸಿ, ಅದಕ್ಕೆ ನೋವಾಗಬಹುದೇನೋ ಎಂಬ ಹಾಗೆ ಮೆಲ್ಲಗೆ ಕೈ ತೆಗೆದ. ಉಳಿದ ಮೂರು ದಿನ ಬುಡ ಅಗೆದದ್ದು ಕೂಲಿಯಾಳುಗಳು.

ಪಂದ್ಯದ ದಿನ ಬಿಸಿಲು ಹಿತವಾಗಿತ್ತು. ಜಗಲಿಯ ತುಂಬ ದೊರೆಗಳು, ಬಣ್ಣದ ಕಾಗದದ ಮಾಲೆಗಳು. ಗಂಗರತ್ನಮ್ಮ ಮಗಳನ್ನೆತ್ತಿಕೊಂಡು ಬೇವಿನ ಮರದಡಿ ಬೇರೆ ಹೆಂಗಸರ ಜೊತೆ ನಿಂತಿದ್ದಳು. ಒಂಬತ್ತು ಕುಳಿ, ಕಡಿಮೆ ಏಟಿನಲ್ಲಿ ಮುಗಿಸಿದವನು ಗೆದ್ದ. ಕದಿರೇಶ ಕೈ ಮುಗಿದು ಗುರುವಿನ ಹೊಸ ಬೀಸನ್ನೇ ಹಿಡಿದ. ಇದ್ದದ್ದು ಅದೊಂದೇ, ಅದೂ ಅರ್ಧ. ಮೊದಲ ಕುಳಿ ಹೇಗೋ ಆಯಿತು. ಎರಡನೆಯದರಲ್ಲಿ ಚೆಂಡು ಜಾಲಿಯ ಪೊದೆ ಸೇರಿತು. ಮೂರನೆಯದರಲ್ಲೂ ಅಲ್ಲಿಗೇ. ಪೊದೆಯಲ್ಲಿ ಬಗ್ಗಿ ಚೆಂಡು ಹುಡುಕುವಾಗ ಅವನು ಬೇರೆ ಯಾರೋ ದೊರೆಯ ಚೆಂಡು ಹುಡುಕುತ್ತಿರುವವನಂತೆಯೇ ಕಾಣುತ್ತಿದ್ದ. ಐದನೆಯ ಕುಳಿಯ ಹೊತ್ತಿಗೆ ಏಟು ಬರೆದುಕೊಳ್ಳುತ್ತಿದ್ದ ಪೆದ್ದಪ್ಪ ಅವನ ಹೆಸರಿನ ಮುಂದೆ ಗೀಟು ಹಾಕುವುದನ್ನು ನಿಲ್ಲಿಸಿ, ಅವನ ಮುಖವನ್ನೇ ನೋಡುತ್ತಿದ್ದ.

ಕೋದಂಡರಾಮಪ್ಪ ಜಗಲಿಯಲ್ಲಿ ಗ್ಲಾಸುಗಳ ತಟ್ಟೆ ಹಿಡಿದು ನಿಂತಿದ್ದ. ಅಲ್ಲಿಂದ ಇಳಿದು ಹೋಗುವ ಹಾಗಿರಲಿಲ್ಲ, ಕಣ್ಣು ಮುಚ್ಚುವ ಹಾಗೂ ಇರಲಿಲ್ಲ. ಆಗಲೇ ದೊರೆಗಳು ಒಬ್ಬರನ್ನೊಬ್ಬರು ತಿವಿದು ನಗತೊಡಗಿದರು. ನೋಡಿ, ಬಾವಿ ತೋಡುವ ಮಾಲಿ ಮತ್ತೆ ಬಂದ ಎಂದರು ಯಾರೋ.

ಕೋದಂಡರಾಮಪ್ಪ ತಟ್ಟೆ ಹಿಡಿದೇ ಬಯಲಿನ ಕಡೆ ಬಗ್ಗಿದ. ಕದಿರೇಶನಿಗೆ ಬಂದುಬಿಟ್ಟಿತೇ?

ಅಲ್ಲ. ಕೋಲು ಎತ್ತಿ ನಿಂತಿದ್ದವನು ರಾಮಚಂದ್ರಪ್ಪ. ಕೈಗಳ ನಡುವೆ ಒಂದು ಗೇಣು. ಎಡಗಾಲು ನೆಲ ಬಿಟ್ಟಿತು. ಇಡೀ ಮೈ ಕೋಲಿನ ಜೊತೆ ಬಂತು, 'ಹ್ಹ' ಎಂಬ ಉಸಿರು ಜಗಲಿಯವರೆಗೂ ಕೇಳಿಸಿತು. ಎರಡು ವರ್ಷ ಕದಿರೇಶನ ಪಕ್ಕದಲ್ಲಿ ನಡೆದು, ನೋಡಿ ನೋಡಿ, ಯಾರಿಗೂ ಹೇಳದೆ ಅವನು ಅದನ್ನು ಎತ್ತಿಕೊಂಡಿದ್ದ. ಚೆಂಡು ದಾರ ಹಿಡಿದು ಎಳೆದ ಹಾಗೆ ಹೋಯಿತು.

ದೊರೆಗಳು ನಗುತ್ತಲೇ ಚಪ್ಪಾಳೆ ತಟ್ಟಿದರು. ನಗುತ್ತಲೇ ಕಾರ್ಯದರ್ಶಿ ದೊರೆ ರಾಮಚಂದ್ರಪ್ಪನ ಕೈಗೆ ಹೆಂಚಿನ ಮನೆಯ ಬೀಗದ ಕೈ ಕೊಟ್ಟರು. ಆ ನಗುವಿನಿಂದ ಅವರಾರಿಗೂ ಏನೂ ಅಡ್ಡಿಯಾಗಲಿಲ್ಲ. ಬೇವಿನ ಮರದಡಿ ಗಂಗರತ್ನಮ್ಮ ಇರಲಿಲ್ಲ.

ಕೆಲಸ ಮುಗಿಸಿ, ಇನ್ನೂ ಬೆಳಕಿರುವಾಗಲೇ ಕೋದಂಡರಾಮಪ್ಪ ತಂಗಿಯ ತಗಡಿನ ಮನೆಗೆ ಹೋದ. ಕದಿರೇಶ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದ. ಗಂಗರತ್ನಮ್ಮ ಒಳಗೆ ಒಲೆ ಊದುತ್ತಿದ್ದಳು, ಅಣ್ಣನನ್ನು ಕಂಡು ಏಳಲಿಲ್ಲ. ತಿರುಗಿ ನೋಡದೆಯೇ, "ಬಾ ಅಣ್ಣ, ಸಾರು ಇನ್ನೂ ಆಗಿಲ್ಲ" ಎಂದಳು ಅಷ್ಟೇ.

ಕದಿರೇಶ ಮೆಲ್ಲಗೆ ಕೇಳಿದ. "ಕುಯ್ಲು ಮುಗಿದು ಕಣವೂ ಆಯ್ತು ಬಾವ. ದೊರೆ ಅವತ್ತು ನಿಜವಾಗ್ಲೂ ಏನಂದ್ರು?"

ಕೋದಂಡರಾಮಪ್ಪ ಹೇಳಿದ. ಎರಡು ವರ್ಷ ಎಂದದ್ದು, ದಿನವೂ ಗುರು ಪಕ್ಕದಲ್ಲಿದ್ದರೆ ಎಂದದ್ದು, ಮೊದಲ ವರ್ಷ ಏನೂ ಬಾರದವನಿಗಿಂತ ಕೆಡುತ್ತಾನೆ ಎಂದದ್ದು, ರೈಲಿನ ಕಿಟಕಿಯಲ್ಲಿ ಕ್ಷಮೆ ಕೇಳಿದ್ದು. ಒಂದು ಮಾತನ್ನೂ ಬಿಡದೆ, ದೊರೆ ಹೇಳಿದ ವರಸೆಯಲ್ಲೇ ಹೇಳಿದ. ಹನ್ನೊಂದು ತಿಂಗಳಲ್ಲಿ ಅವನು ಸರಿಯಾಗಿ ಮುಟ್ಟಿಸಿದ್ದು ಅದೊಂದನ್ನೇ. ಒಳಗೆ ಒಲೆ ಊದುವ ಸದ್ದು ನಿಂತಿತ್ತು.

ಬಯ್ಯುತ್ತಾನೆ ಎಂದುಕೊಂಡಿದ್ದ. ಬಯ್ದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಕದಿರೇಶ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ.

"ಅವತ್ತೇ ಹೇಳಿದ್ರೆ ಬೇಡ ಅಂತಿರ್ಲಿಲ್ಲ ಬಾವ ನಾನು. ಪಂದ್ಯ ಮುಗಿದ ಮಾರನೇ ದಿನ ಶುರು ಮಾಡೋಣ ಅಂತಿದ್ದೆ."

ಅಷ್ಟು ಸುಲಭವಾದದ್ದು ಕೋದಂಡರಾಮಪ್ಪನಿಗೆ ಹೊಳೆದೇ ಇರಲಿಲ್ಲ. ಅವನು ಆ ಕಲ್ಲಿನ ಪಕ್ಕದಲ್ಲಿ, ಬಿಳಿ ಕೋಟು ಮಣ್ಣಾಗುವುದನ್ನೂ ಗಮನಿಸದೆ, ನೆಲದ ಮೇಲೆ ಕುಳಿತುಬಿಟ್ಟ. ಗಂಗರತ್ನಮ್ಮ ಹೊರಗೆ ಬಂದು ಇಬ್ಬರಿಗೂ ನೀರು ಕೊಟ್ಟಳು.

ಆಮೇಲಿನ ವರ್ಷವೆಲ್ಲ ಕದಿರೇಶ ಚೀಲ ಹೊತ್ತ. ಮೇಸ್ತ್ರಿ ರಾಮಚಂದ್ರಪ್ಪ ಕೆಟ್ಟವನಲ್ಲ, ಒಳ್ಳೆಯ ದೊರೆಗಳ ಚೀಲವನ್ನೇ ಅವನಿಗೆ ಕೊಡುತ್ತಿದ್ದ. ಹೆಂಚಿನ ಮನೆಯ ನಲ್ಲಿಯಿಂದ ಗಂಗರತ್ನಮ್ಮ ನೀರು ತಂದುಕೊಳ್ಳಬಹುದೆಂದೂ ಹೇಳಿದ್ದ. ಅವಳು ದೂರದ ಬಾವಿಗೇ ಹೋಗುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಬಯಲಿನ ಆ ಮೂಲೆಯಲ್ಲಿ ಕದಿರೇಶ ಎದೆಗೆ ಟುವಾಲು ಸುತ್ತಿಕೊಂಡು ಒಬ್ಬನೇ ಬೀಸುತ್ತಿದ್ದ. ಹಳೆಯದಕ್ಕೆ ಹೋಗಲು ದಾರಿಯಿರಲಿಲ್ಲ. ಮುಂದಕ್ಕೆ ಹೋಗುವುದೊಂದೇ ಉಳಿದದ್ದು, ಎಷ್ಟು ದೂರ ಎಂದು ಹೇಳುವವರು ಇರಲಿಲ್ಲ. ಫಿನ್ಲೆ ದೊರೆಯಿಂದ ಒಂದು ಕಾಗದವೂ ಬರಲಿಲ್ಲ. ಬರೆಯುವುದಕ್ಕೆ ಅವರು ಇದ್ದಾರೋ ಇಲ್ಲವೋ ಎಂಬುದೂ ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಲವತ್ತೊಂದರ ಜನವರಿ ಬಂತು. ಎರಡು ವರ್ಷ ತುಂಬುವುದನ್ನು ಕೋದಂಡರಾಮಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿಕೊಂಡೇ ಬಂದಿದ್ದ. ಆ ಬೆಳಿಗ್ಗೆ ನಾಷ್ಟಾದ ಕೆಲಸ ಬಿಟ್ಟು ಬಯಲಿಗೆ ಇಳಿದು ಹೋದ. ಇಬ್ಬನಿ ಇನ್ನೂ ಆರಿರಲಿಲ್ಲ. ಕದಿರೇಶ ಒದ್ದೆ ಮರಳಿನ ಗೋಪುರ ಮಾಡಿ ಚೆಂಡು ಇಟ್ಟ. ಕೋಲು ಮೇಲೆ ಹೋಯಿತು, ನಿಂತಂತೆಯೂ ಇತ್ತು, ನಿಲ್ಲದಂತೆಯೂ ಇತ್ತು. ಇಳಿದು ಬಂತು. ಸದ್ದು ಬೇರೆಯೇ ಇತ್ತು. ಚೆಂಡು ಎತ್ತರಕ್ಕೆ ಹೋಗಿ ದೂರದ ಮಂಜಿನಲ್ಲಿ ಕಾಣದಾಯಿತು. ನೆಟ್ಟಗೆ ಹೋಯಿತೋ ಇಲ್ಲವೋ ಅಲ್ಲಿಂದ ತಿಳಿಯುವಂತಿರಲಿಲ್ಲ.

ಕದಿರೇಶ ತಿರುಗಿ ಅವನನ್ನು ಕಂಡ.

"ಸರಿಯಾಯ್ತಾ ಬಾವ?"

ಹೂಂ ಎನ್ನಲು ಎಷ್ಟು ಹೊತ್ತು ಬೇಕು. ಜೀವಮಾನವೆಲ್ಲ ಅವನು ಅದನ್ನೇ ಹೇಳಿಕೊಂಡು ಬಂದವನು. ಕದಿರೇಶನ ಕತ್ತಿನ ಬೆವರು, ಟುವಾಲಿನ ಕೆಳಗೆ ಏಳುತ್ತಾ ಬೀಳುತ್ತಾ ಇದ್ದ ಎದೆ, ಉತ್ತರಕ್ಕೆ ಕಾದ ಆ ಕಣ್ಣು, ಎಲ್ಲ ಅವನ ಕಣ್ಣೆದುರಿಗೇ ಇತ್ತು.

"ಗೊತ್ತಿಲ್ಲ ಕಣಪ್ಪ" ಎಂದ ಕೋದಂಡರಾಮಪ್ಪ. "ನಂಗೆ ಗೊತ್ತಾಗಲ್ಲ."

ಕದಿರೇಶ ಒಮ್ಮೆ ತಲೆಯಾಡಿಸಿದ. ಬಗ್ಗಿ ಇನ್ನೊಂದು ಚಿಟಿಕೆ ಮರಳು ತೆಗೆದುಕೊಂಡ.